ಮುಚ್ಚಳ ತೆಗೆದು ನಾನೇ ಮುಚ್ಚಿಹಾಕಿದ ದೋಷ

ವಿಜಯಪುರದ ಅಥಣಿ ರಸ್ತೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಬರೋದು ಜಾಸ್ತಿ ಹಳೇ 100 ಸಿಸಿ ಗಾಡಿಗಳೇ, ಅವೂ ಕಾರ್ಬೋರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವವು. ಅಂಥ ಗಾಡಿಯ ಶಬ್ದ ಕೇಳಿಯೇ ರೋಗ ಹೇಳ್ತೇನೆ ಅನ್ನೋ ಜಂಬ ನನಗಿತ್ತು. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಕಾಕಾ ಒಬ್ಬರು ಅದನ್ನು ಇಳಿಸಿದರು.

"ತಮ್ಮಾ, ತೊರವಿ ದಾಟಿದ ಮ್ಯಾಲ ಗಾಡಿ ಬಂದ್ ಬೀಳ್ತೈತಿ. ಹದಿನೈದ್ ನಿಮಿಷ ಬಿಟ್ಟು ಕಿಕ್ ಹೊಡದ್ರ ಮತ್ತ ಚಾಲೂ."

ಪ್ಲಗ್ ಬದಲಾಯಿಸಿದೆ, ಕಾರ್ಬೋರೇಟರ್ ಬಿಚ್ಚಿ ತೊಳೆದೆ. ನಾಲ್ಕು ದಿನಕ್ಕೆ ಕಾಕಾ ವಾಪಸ್. ಬಿಸಿಯಾದಾಗ ನಿಂತು ತಣ್ಣಗಾದಾಗ ಚಾಲೂ ಆದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಬರೋದು ಸಹಜ ಅಲ್ವಾ, ಅದನ್ನೂ ಹೊಸದು ಹಾಕಿ, ಊರೊಳಗೆ ಎರಡು ಕಿಲೋಮೀಟರ್ ಓಡಿಸಿ ನೋಡಿ ಕೊಟ್ಟೆ. ಒಂದು ವಾರಕ್ಕೆ ಮತ್ತೆ ಬಂದರು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಜಾಸ್ತಿ ನಾಚಿಕೆ ತಂದಿತು. ಕೂತು ಚಹಾ ಕುಡೀತಾ ಸುಮ್ನೆ ಒಂದು ಮಾತು ಅಂದರು: "ಟ್ಯಾಂಕ್ ಫುಲ್ ಮಾಡ್ಸಿದ ದಿನಾನೇ ಇದರ ಆಟ ನೋಡು. ಪೆಟ್ರೋಲ್ದಾಗ ನೀರ್ ಕೂಡ್ಸ್ತಾರೇನೋ."

ಬಂಕಿನವರನ್ನು ಬೈಯೋಕೆ ಅಂದ ಮಾತು. ನೀರಿದ್ದರೆ ಕಾರ್ಬೋರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ತೊಳೆದಾಗಲೇ ಕಾಣುತ್ತಿತ್ತು. ಆದರೆ ಫುಲ್ ಟ್ಯಾಂಕ್ ಅನ್ನೋದು ತಲೆಯಲ್ಲಿ ಕೂತಿತು. ಅವತ್ತೇ ಟ್ಯಾಂಕ್ ತುಂಬಿಸಿ, ಕಾಕಾನನ್ನು ಹಿಂದೆ ಕೂರಿಸಿಕೊಂಡು ತಿಕೋಟಾ ದಾರಿ ಹಿಡಿದೆ.

ತೊರವಿ ದಾಟಿ ಸ್ವಲ್ಪ ದೂರಕ್ಕೆ ಪಿಕಪ್ ಹೋಯಿತು, ಎರಡು ಸಲ ಜಗ್ಗಿತು, ನಿಂತಿತು. ಈ ಸಲ ಏನನ್ನೂ ಮುಟ್ಟದೆ ಮೊದಲು ಕರೆಂಟ್ ನೋಡಿದೆ. ಜೇಬಿನಲ್ಲಿದ್ದ ಬೇರೆ ಪ್ಲಗ್ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ, ಗಟ್ಟಿಯಾಗೇ ಇತ್ತು. ಅಂದರೆ ಕಾಯಿಲ್ ತಪ್ಪಿಲ್ಲ. (ಕಿಡಿ ಪರೀಕ್ಷೆ ಮೊದಲು, ಪೆಟ್ರೋಲ್ ಬಿಡೋದು ಆಮೇಲೆ. ಉಲ್ಟಾ ಮಾಡಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.) ಇಂಜಿನ್ ಸ್ವಲ್ಪ ಆರಿದ ಮೇಲೆ ಬೌಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿದೆ. ನಾಲ್ಕು ಹನಿ ಬಿದ್ದು ನಿಂತಿತು. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಆನ್ ಇದೆ, ಟ್ಯಾಂಕ್ ತುಂಬಿದೆ, ಕೆಳಗೆ ಮಾತ್ರ ಪೆಟ್ರೋಲ್ ಇಲ್ಲ.

ಸ್ಕ್ರೂ ಹಾಗೇ ಬಿಟ್ಟು ಟ್ಯಾಂಕ್ ಮುಚ್ಚಳಕ್ಕೆ ಕೀ ತಿರುಗಿಸಿದೆ. "ಸುಯ್" ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮರುಕ್ಷಣ ಡ್ರೈನ್ ಪೈಪಿನಿಂದ ಪೆಟ್ರೋಲ್ ಧಾರೆ.

ಮುಚ್ಚಳದೊಳಗೆ ಗಾಳಿಗೆ ಅಂತ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು. ತೂತು ಕಟ್ಟಿದರೆ ಟ್ಯಾಂಕ್ ಒಳಗೆ ಎಳೆತ ಹುಟ್ಟಿ ಪೆಟ್ರೋಲ್ ಇಳಿಯೋದಿಲ್ಲ. ಹದಿನೈದು ನಿಮಿಷ ನಿಲ್ಲಿಸಿದರೆ ಸಂದಿಗೊಂದಿಯಿಂದ ಗಾಳಿ ನುಸುಳುತ್ತದೆ, ಗಾಡಿ ಚಾಲೂ. ಟ್ಯಾಂಕ್ ತುಂಬಿದಾಗ ಒಳಗೆ ಗಾಳಿ ಕಡಿಮೆ, ಹಾಗಾಗಿ ಎಳೆತ ಬೇಗ ಬರುತ್ತದೆ. ಕಾಕಾ ಹೇಳಿದ್ದು ಸರಿಯೇ ಇತ್ತು, ಕಾರಣ ಮಾತ್ರ ಬೇರೆ.

ನನ್ನ ತಪ್ಪು ಅಲ್ಲೇ ನಿಂತು ಹೊಳೆಯಿತು. ಯಾವ ಗಾಡಿ ಬಂದರೂ ನಾನು ಮೊದಲು ಮುಚ್ಚಳ ತೆಗೆದು ಪೆಟ್ರೋಲ್ ಎಷ್ಟಿದೆ ಅಂತ ನೋಡುತ್ತಿದ್ದೆ. ಅಂದರೆ ಪ್ರತಿ ಸಲ ಪರೀಕ್ಷೆಗೆ ಮುಂಚೆ ರೋಗಾನ ನನ್ನ ಕೈಯಿಂದಲೇ ವಾಸಿ ಮಾಡಿ, ಆಮೇಲೆ ಹುಡುಕುತ್ತಿದ್ದೆ! ಈಗ ನಿಂತು ಹೋಗುವ ಗಾಡಿ ಬಂದರೆ ಮುಚ್ಚಳ ಮುಟ್ಟೋದಿಲ್ಲ, ಎಲ್ಲಿ, ಎಷ್ಟು ದೂರಕ್ಕೆ, ಯಾವತ್ತು ಅಂತ ಮೊದಲು ಕೇಳ್ತೇನೆ.

ತೋಟದ ಧೂಳು ಪೆಟ್ರೋಲ್ ಹಸಿಗೆ ಅಂಟಿ ತೂತಿನಲ್ಲಿ ಗೋಂದಿನ ಹಾಗೆ ಕೂತಿತ್ತು. ತಂತಿ ಚುಚ್ಚಲಿಲ್ಲ, ಒಳಗಿನ ರಬ್ಬರ್ ಹರಿಯುತ್ತದೆ. ಪೆಟ್ರೋಲಲ್ಲಿ ನೆನೆಸಿ ಗಾಳಿ ಹೊಡೆದೆ. ಹಳೇ ಕಾಯಿಲ್ ಚೆನ್ನಾಗೇ ಇತ್ತಲ್ಲ, ಅದನ್ನೇ ಮತ್ತೆ ಕೂರಿಸಿ ಹೊಸದರ ದುಡ್ಡು ಕಾಕಾಗೆ ವಾಪಸ್ ಕೊಟ್ಟೆ. ಪ್ಲಗ್ಗಿನ ದುಡ್ಡು ಕೊಡಲಿಲ್ಲ, ಅದು ನಿಜವಾಗಲೂ ಸವೆದಿತ್ತು.