ನಮ್ಮ ಓಣ್ಯಾಗ ಮೂವತ್ತೋ ಅರವತ್ತೋ

ಬಾಗಲಕೋಟಿ ನವನಗರ ನೋಡಿದವ್ರಿಗೆ ಗೊತ್ತಿರತೈತಿ, ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗತೈತಿ ಅಂತ ಪ್ಲಾನ್ ಹಾಕಿ ಕಟ್ಟಿದ್ದು, ಸೆಕ್ಟರ್ ಸೆಕ್ಟರ್, ರಸ್ತೆ ಅಗಲ, ನೆಟ್ಟಗ. ಹಳೇ ಊರಾಗ ಎಮ್ಮಿ ಅಡ್ಡ ನಿಂತ್ರ ಸ್ಪೀಡ್ ತಾನ ಇಳೀತಿತ್ತು, ಇಲ್ಲಿ ಖಾಲಿ ರಸ್ತೆ ಕಂಡ್ರ ಹುಡುಗ್ರ ಕೈ ಸುಮ್ನಿರೂದಿಲ್ಲ.

ಮೊನ್ನೆ ಐತವಾರ ಹಂಪ್ ಹಾಕ್ಸೂಣು ಅಂತ ಓಣಿ ಮಂದಿ ಎಲ್ಲಾ ನಮ್ಮ ಕಟ್ಟಿ ಮ್ಯಾಲ ಕುಂತಿದ್ರು, ಅಷ್ಟ್ರಾಗ ನಮ್ಮ ಅಕ್ಕನ ಮಗ ಮೊಬೈಲ್ ಹಿಡ್ಕೊಂಡು ಬಂದು "ಮಾವಾ, 2018ರಾಗ ಕೇಂದ್ರ ಸರ್ಕಾರ ಸ್ಪೀಡ್ ಲಿಮಿಟ್ ಏರಿಸೇತಿ, ಊರೊಳಗ ಕಾರಿಗೆ ತಾಸಿಗೆ 70 ಕಿಲೋಮೀಟರ್, ಬೈಕಿಗೆ 60, ಮತ್ತ ನಮ್ಮ ಮೂಲ್ಯಾಗ 30 ಅಂತ ಬೋರ್ಡ್ ಯಾಕ?" ಅಂದ. ಕೇಳಿದ್ದು ಖರೇನ ಇತ್ರಿ, ನನಗ ಉತ್ತರ ಹೊಳೀಲಿಲ್ಲ.

ಎದುರು ಮನಿ ಕಾಕಾ ರಿಟೈರ್ಡ್ ಇಂಜಿನಿಯರ್. "ತಮ್ಮಾ, ಅದು ಗರಿಷ್ಠ, ಅದರ ಮ್ಯಾಲ ಯಾರೂ ಹೋಗೂಹಂಗಿಲ್ಲ ಅಂತ. ಮೋಟಾರು ವಾಹನ ಕಾಯ್ದೆ 112ನೇ ಕಲಂನಾಗ ಕೆಳಗ ಇಳಸೂ ಅಧಿಕಾರ ರಾಜ್ಯ ಸರ್ಕಾರಕ್ಕ ಐತಿ, ಬೋರ್ಡ್ ಹಾಕಿದ್ರಂದ್ರ ಆ ರಸ್ತೆಗೆ ಅದ ಲೆಕ್ಕ" ಅಂದ್ರು.

"ಹಂಗಾದ್ರೂ 30 ಅಂದ್ರ ಸೈಕಲ್ ಹೊಡದಂಗ ಕಾಕಾ."

ಕಾಕಾ ವಾದ ಮಾಡ್ಲಿಲ್ಲ, ಅವನ್ನ ನಮ್ಮ ಗೇಟ್ ಮುಂದ ನಿಲ್ಲಿಸಿ ಹದಿನೇಳು ಮೀಟರ್ ನಡದು ತೋರ್ಸು ಅಂದ್ರು. 60ರಾಗ ಇದ್ರ ಒಂದ್ ಸೆಕೆಂಡಿಗೆ ಗಾಡಿ ಅಷ್ಟು ದೂರ ಹೋಗತೈತಿ, ಕೂಸು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗೂದ್ರಾಗ ಆ ಸೆಕೆಂಡ್ ಹೋಗಿರತೈತಿ. ಹುಡುಗ ದಾಪುಗಾಲು ಹಾಕ್ಕೋತ ಹೋಗಿ ಬಾಜೂಕಿನ ಎರಡನೇ ಮನಿ ಗೇಟಿಗೆ ನಿಂತ, ಅಲ್ಲೇ ಹುಡುಗ್ರು ಗೋಲಿ ಆಡಾಕತ್ತಿದ್ವು. "ಇನ್ನೂ ಬ್ರೇಕ್ ಹಿಡದಿಲ್ಲ ನೀನು" ಅಂದ್ರು ಕಾಕಾ. 30ರಾಗ ಇದ್ರ ಆ ದೂರ ಅರ್ಧ, ಬ್ರೇಕ್ ಹಿಡದ ಮ್ಯಾಲ ಗಾಡಿ ನಿಲ್ಲೂ ದೂರ ಅಂತೂ ಕಾಲುಭಾಗ. ಹುಡುಗ ಮೊಬೈಲ್ ಕಿಸೇದಾಗ ಇಟ್ಟ.

ಹಂಪಿನ ಮಾತಿಗೆ ಬಂದ್ರ ಎಲ್ಲಾರಿಗೂ ಎತ್ತರಂದ ಬೇಕು. ಕಾಕಾ ಅದಕ್ಕೂ ಒಪ್ಪಲಿಲ್ಲ. ರಸ್ತೆ ಹೆಂಗಿರಬೇಕು ಅಂತ ನಿಯಮ ಮಾಡೂ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅದರ ನಿಯಮದಾಗ ಗುಂಡಾನ ಹಂಪ್ ಅಂದ್ರ ಗಾಡಿ ಹೋಗೂ ದಿಕ್ಕಿನಾಗ 3.7 ಮೀಟರ್ ಅಗಲ, ಬರೇ 10 ಸೆಂಟಿಮೀಟರ್ ಎತ್ತರ, 25ರ ಸ್ಪೀಡಿಗೆ ಆರಾಮ ದಾಟಬೇಕು, ಮೊದಲ ಬೋರ್ಡ್ ಬೇಕು, ರಾತ್ರಿ ಕಾಣೂಹಂಗ ಬಣ್ಣಾ ಬೇಕು. ನಮ್ಮ ಮಂದಿ ರಾತ್ರೋರಾತ್ರಿ ಸಿಮೆಂಟ್ ಸುರದು ಮಾಡೂದು ಹಂಪ್ ಅಲ್ರಿ, ಗ್ವಾಡಿ. ಬಸರಿ ಹೆಣ್ಮಗಳನ್ನ ಆಟೋದಾಗ ಕರ್ಕೊಂಡು ಹೋಗೂ ಮುಂದ ಗೊತ್ತಾಗತೈತಿ.

ಕಡೀಕ ನಗರಸಭೆಗೆ ಅರ್ಜಿ ಬರಿಯೂಣು ಅಂತ ಆತು, ನಾನ ಬರ್ಯಾಕ ಕುಂತೆ. ಹಂಗ ಅದ ಮೋಟಾರು ವಾಹನ ಕಾಯ್ದೆ 199ಎ ಕಲಂ ನೆನಪಾಗಿ, ವಯಸ್ಸಾಗದ ಹುಡುಗ್ರು ಗಾಡಿ ಹೊಡದು ಸಿಕ್ರ ಪಾಲಕರಿಗೆ 25,000 ದಂಡ, ಮೂರು ವರ್ಷದ ತನಕ ಜೈಲು, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಇದನ್ನೂ ಓಣ್ಯಾಗ ಒಂದು ನೋಟಿಸ್ ಹಚ್ಚೂಣಲ್ಲ ಅಂದೆ. ಹಂಪಿಗೆ ಜೋರು ಮಾಡಿದವ್ರೊಳಗ ಇಬ್ಬರ ಮಕ್ಕಳು ಒಂಬತ್ತನೇತ್ತಾ ಓದ್ತಾವು, ಟ್ಯೂಷನ್ನಿಗೆ ಸ್ಕೂಟಿ ಮ್ಯಾಲ ಹೋಗ್ತಾವು. "ಅದು ಅವರವರ ಮನಿ ವಿಷಯ ಬಿಡ್ರಿ, ಮೊದಲ ಹಂಪಿಂದು ಬರೀರಿ" ಅಂದ್ರು.