ಬಿರುಗಾಳಿಗೆ ಮೊದಲೇ ತೊಳೆದಿಡಬೇಕಾದ ವೀಲ್‌ಚೇರ್

ಅಮೆರಿಕದ ಅಟ್ಲಾಂಟಾದ ಸುತ್ತಮುತ್ತ ಗರಾಜು ಅಂದರೆ ಕಾರಿಗಿಂತ ಬೇಡದ ಸಾಮಾನಿಗೇ ಜಾಸ್ತಿ. ಹುಡುಕಿದರೆ ಮೂಲೆಯಲ್ಲೊಂದು ವಾಕರ್ರೋ ಮಡಚಿಟ್ಟ ವೀಲ್‌ಚೇರೋ ಸಿಗುತ್ತದೆ. ಯಾರದ್ದೋ ಮಂಡಿ ಆಪರೇಷನ್ ಆದಾಗ ತಂದದ್ದು, ಇಲ್ಲವೇ ತೀರಿಹೋದ ಅಜ್ಜನದ್ದು. ಬಿಸಾಡಲು ಮನಸ್ಸು ಬಾರದು, ಇಟ್ಟುಕೊಂಡರೆ ಉಪಯೋಗವಿಲ್ಲ.

ಇವನ್ನು ತೆಗೆದುಕೊಂಡು, ರಿಪೇರಿ ಮಾಡಿ, ಬೇಕಾದವರಿಗೆ ಕೊಡುವ ಸಂಸ್ಥೆಯೊಂದು ಸ್ಟೋನ್ ಮೌಂಟನ್ ಹತ್ತಿರದ ಟಕ್ಕರ್‌ನಲ್ಲಿದೆ. ಫ್ರೆಂಡ್ಸ್ ಆಫ್ ಡಿಸೇಬಲ್ಡ್ ಅಡಲ್ಟ್ಸ್ ಅಂಡ್ ಚಿಲ್ಡ್ರನ್ ಅಂತ ಪೂರ್ತಿ ಹೆಸರು, ಬಾಯಲ್ಲಿ ಫೋಡ್ಯಾಕ್. 1986ರಲ್ಲಿ ಶುರುವಾಯಿತು. ಕಟ್ಟಿದವರು ಎಡ್ ಬುಚಾರ್ಟ್ ಎಂಬ ಮಾಜಿ ಮರೀನ್ ಸೈನಿಕ. ಕ್ರಿಸ್ಮಸ್ ಬಂದರೆ ಸ್ಟೋನ್ ಮೌಂಟನ್ ಪಾರ್ಕಿನಲ್ಲಿ ಸಾಂಟಾ ಆಗುತ್ತಿದ್ದವರೂ ಇವರೇ.

ನನಗೆ ಈ ಲೋಕದ ಪರಿಚಯವಾದದ್ದು ಅಪ್ಪನಿಂದ. ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಇಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಸಿಗುವುದಿಲ್ಲ. ಅಪ್ಪನಿಗೆ ಮಂಡಿ ಹಿಡಿದುಕೊಂಡಾಗ ಯಾರೋ ಬಳಸಿದ ವಾಕರ್ ತಂದುಕೊಟ್ಟೆ. "ಬೇರೆಯವರದ್ದಾ?" ಅಂತ ಮೂಗು ಮುರಿದರು. ಎರಡೇ ದಿನಕ್ಕೆ ಅದರ ಮೇಲೆ ಟವೆಲ್ ಒಣಗತೊಡಗಿತು. ಆಮೇಲೆ ನಾನೇ ಇಂಥದ್ದೊಂದು ಕೇಂದ್ರಕ್ಕೆ ಶನಿವಾರಗಳಂದು ಸಹಾಯಕ್ಕೆ ಹೋಗತೊಡಗಿದೆ.

ಒಳಗೆ ಹೋದ ಮೇಲೆ ತಿಳಿದದ್ದು, ದಾನ ಪಡೆಯುವುದು ಸುಲಭ, ಉಳಿದದ್ದೇ ಕಷ್ಟ. ಬಂದ ಕುರ್ಚಿಯನ್ನು ಪಾತ್ರೆ ತೊಳೆಯುವ ಯಂತ್ರದ ದೊಡ್ಡಣ್ಣನಂಥ ಪೆಟ್ಟಿಗೆಯೊಳಗಿಟ್ಟು ತೊಳೆಯುತ್ತಾರೆ. ಬ್ರೇಕು, ಬೇರಿಂಗು, ಬ್ಯಾಟರಿ ನೋಡುತ್ತಾರೆ. ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಅದೇಕೆ ಅಂದರೆ, 2021ರಲ್ಲಿ ಫಿಲಿಪ್ಸ್ ಕಂಪನಿ ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆಸಿಕೊಂಡಿತು. ಒಳಗಿನ ಫೋಮ್ ಪುಡಿಯಾಗಿ ಗಾಳಿಯ ಜೊತೆ ಸೇರುವ ಅಪಾಯವಿತ್ತು. ಇಂಥ ಯಂತ್ರವನ್ನು ಪುಣ್ಯ ಬರಲಿ ಅಂತ ಕೊಟ್ಟರೆ ಪಾಪವೇ ಬಂದೀತು, ಅಲ್ವಾ?

ಇದಕ್ಕೂ ಚಂಡಮಾರುತಕ್ಕೂ ಏನು ಸಂಬಂಧ ಅಂತ ಕೇಳಬಹುದು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿತು. ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ಜನರನ್ನು ದೋಣಿ, ಬಸ್ಸು ಹತ್ತಿಸುವಾಗ ಎಷ್ಟೋ ವೀಲ್‌ಚೇರ್‌ಗಳು ಹಿಂದೆಯೇ ಉಳಿದವು. ಅವಸರದಲ್ಲಿ ಅವೂ ಲಗೇಜಾದವು. ಆದರೆ ನಡೆಯಲಾಗದವನಿಗೆ ಅದು ಲಗೇಜಲ್ಲ, ಕಾಲು. ಜೀವ ಉಳಿಸಿಕೊಂಡು ಬಂದವರು ಶಿಬಿರದ ಮಂಚದ ಮೇಲೆ ಕದಲದೆ ಕೂರಬೇಕಾಯಿತು. ಅಲ್ಲಿಯವರೆಗೆ ಸ್ವಂತ ಮನೆಯಲ್ಲಿ ಒಬ್ಬರೇ ಬದುಕಿದ್ದ ಕೆಲವರು ನರ್ಸಿಂಗ್ ಹೋಮ್ ಸೇರಿದರು. ಲೂಯಿಸಿಯಾನಾದಲ್ಲಿ ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ 75 ದಾಟಿದವರು.

ಆಮೇಲೆ ಕಾನೂನು ಬದಲಾಯಿತು. 2006ರ ಕಾಯ್ದೆಯಿಂದ ಫೆಮಾದಲ್ಲಿ, ಅಂದರೆ ಇಲ್ಲಿನ ವಿಪತ್ತು ನಿರ್ವಹಣಾ ಇಲಾಖೆಯಲ್ಲಿ, ಅಂಗವಿಕಲರ ವಿಷಯ ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿ ಬಂದರು. 2010ರ ಮಾರ್ಗಸೂಚಿ ಸಾಮಾನ್ಯ ಶಿಬಿರದಲ್ಲೇ ವೀಲ್‌ಚೇರ್, ಕಮೋಡ್ ಕುರ್ಚಿ ಎಲ್ಲ ಇರಬೇಕು ಅಂದಿತು. ಅಟ್ಲಾಂಟಾದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ನೆಲೆ ಮಾಡಿಕೊಂಡ ಪಾಸ್ ಇಟ್ ಆನ್ ಸೆಂಟರ್ ಹಳೆಯ ಸಲಕರಣೆ ಮರುಬಳಸುವ ಕೇಂದ್ರಗಳನ್ನೂ ವಿಪತ್ತಿನ ತಯಾರಿಯನ್ನೂ ಜೋಡಿಸಲು ಕೆಲಸ ಮಾಡಿತು. ಹೊಸ ಕುರ್ಚಿ ವಿಮೆಯಿಂದ ಮಂಜೂರಾಗಿ ಬರಲು ಬಹಳ ದಿನ ಬೇಕು. ತೊಳೆದು ಸಿದ್ಧವಾಗಿಟ್ಟದ್ದು ಅದೇ ದಿನ ಲಾರಿ ಹತ್ತುತ್ತದೆ.

ಆದರೆ ನೆರೆ ಬಂದ ಮೇಲೆ ಟಿವಿ ನೋಡಿ ಜನ ಕಳಿಸುವ ವೀಲ್‌ಚೇರ್‌ಗಳ ರಾಶಿ ಬಹುಪಾಲು ತಲೆನೋವು. ಕಾಲಿಡುವ ಪಟ್ಟಿ ಇರುವುದಿಲ್ಲ, ಟೈರು ಸತ್ತಿರುತ್ತದೆ. ಸೀಟಿನ ಅಗಲ ಮೈಗೆ ಹೊಂದದಿದ್ದರೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಬೇಗನೆ ಒತ್ತು ಹುಣ್ಣಾಗುತ್ತದೆ. ಸ್ಪರ್ಶ ಇಲ್ಲದ್ದರಿಂದ ಗೊತ್ತೂ ಆಗುವುದಿಲ್ಲ. ಅಳತೆ ನೋಡಿ ಹೊಂದಿಸಲು ಬಲ್ಲವರು ಬೇಕು. ಗೋದಾಮಿನ ಬೀಗ ಯಾರ ಹತ್ತಿರ, ಲಾರಿ ಯಾರದ್ದು, ರಾತ್ರಿ ಎರಡಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೆಲ್ಲ ಬೇಸಿಗೆಯಲ್ಲೇ ಕಾಗದದ ಮೇಲೆ ಇರಬೇಕು. ಬೇಜಾರಿನ ಕೆಲಸ, ಫೋಟೋಗೆ ಬರುವಂಥದ್ದಲ್ಲ.

ಹೆಲೀನ್ ಚಂಡಮಾರುತ 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾ ತೀರ ದಾಟಿ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯಕ್ಕೆ ನುಗ್ಗಿತು. ಅಟ್ಲಾಂಟಾದಲ್ಲಿ 48 ಗಂಟೆಯಲ್ಲಿ 11 ಇಂಚಿಗೂ ಹೆಚ್ಚು ಮಳೆ. ಆಗಸ್ಟಾ ಕಡೆ ಮರಗಳು ಉರುಳಿ, ಎಷ್ಟೋ ಮನೆಗಳಿಗೆ ವಾರ ಕಳೆದರೂ ಕರೆಂಟ್ ಬರಲಿಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್, ಬ್ಯಾಟರಿ ಕುರ್ಚಿ ಮನೆಯಲ್ಲೇ ಇದ್ದೂ ಕರೆಂಟಿಲ್ಲದಿದ್ದರೆ ಕೆಲಸಕ್ಕೆ ಬಾರವು. ಹಾಗಾಗಿ ಕೈಯಿಂದ ತಳ್ಳುವ ಹಳೇ ಕುರ್ಚಿಯನ್ನು ಕೀಳಾಗಿ ನೋಡಬೇಡಿ ಅಂತ ನನ್ನ ವಾದ. ಒಂದನ್ನು ಹೆಚ್ಚುವರಿಯಾಗಿ ಮನೆಯಲ್ಲಿಟ್ಟುಕೊಳ್ಳುವುದೇ ಒಳ್ಳೆಯದು.

ನಮ್ಮ ಭಾರತದಲ್ಲೂ ಕಾನೂನಿಗೆ ಕೊರತೆಯಿಲ್ಲ. ವಿಕಲಚೇತನರ 2016ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಜಿಲ್ಲೆಯಲ್ಲಿರುವ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಳ್ಳಬೇಕು, ಅಪಾಯದ ಸುದ್ದಿ ಅವರಿಗೆ ಮುಟ್ಟಿಸಬೇಕು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ನೋಡಿದವರಿಗೆ ಇದು ಎಷ್ಟು ಬೇಕು ಅಂತ ಹೇಳಬೇಕಿಲ್ಲ. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದರೆ ಅಲ್ಲಿನ ಶೌಚಾಲಯಕ್ಕೆ ಕುರ್ಚಿ ಹೋಗುತ್ತದಾ? ಪಂಚಾಯಿತಿಯವರು ಮಳೆಗಾಲಕ್ಕೆ ಮೊದಲೇ ಒಮ್ಮೆ ತಳ್ಳಿ ನೋಡಿದರೆ ಗೊತ್ತಾಗುತ್ತದೆ.

ಅಟ್ಟದ ಮೇಲೆ ಅಜ್ಜಿಯ ವೀಲ್‌ಚೇರ್ ಇರುವವರು ಯಾರಿಗಾದರೂ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಕಾಲಿಡುವ ಪಟ್ಟಿಗಳನ್ನು ಕುರ್ಚಿಗೇ ಕಟ್ಟಿ. ಬ್ಯಾಟರಿಯದ್ದಾದರೆ ಚಾರ್ಜರ್ ಕೂಡ. ಚಾರ್ಜರ್ ಇಲ್ಲದ ಕುರ್ಚಿಗಳೇ ನಮ್ಮ ಕೇಂದ್ರದಲ್ಲಿ ಒಂದು ಗೋಡೆ ತುಂಬ ನಿಂತಿವೆ.