ಲೆನ್ಸಿನ ಪಕ್ಕದ ಕಿಟಕಿ

ಕಳೆದ ತಿಂಗಳು ತೊಳೆದು ಒಣಗಿಸಿದ ರೀಲಿನಲ್ಲಿ ಒಂದು ನೆಗೆಟಿವ್ ನನ್ನನ್ನು ಬಹಳ ಹೊತ್ತು ಕಾಡಿತು. ಕಬ್ಬಿಣದ ಸರಳುಗಳ ಗೇಟಿನ ಹಿಂದೆ ನಿಂತಿದ್ದ ನನ್ನ ಅಕ್ಕನ ಮಗಳ ಚಿತ್ರವದು. ಮಕ್ಕಳ ದುಂಡು ಮುಖದಲ್ಲಿ ಫೋಕಸ್ ಮಾಡಲು ಬೇಕಾದ ನೇರ ಗೆರೆಗಳು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಅವಳು ಹಿಡಿದುಕೊಂಡಿದ್ದ ಸರಳನ್ನೇ ಗುರಿಯಾಗಿಟ್ಟುಕೊಂಡು, ಕ್ಯಾಮೆರಾದ ಕಿಟಕಿಯಲ್ಲಿ ಕಾಣುವ ಅದರ ಎರಡು ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂತ ಮೇಲೆಯೇ ಬಟನ್ ಒತ್ತಿದ್ದೆನೆಂಬುದು ನನಗೆ ಚೆನ್ನಾಗಿ ನೆನಪಿದೆ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಸರಳುಗಳೂ ಮಸುಕು, ಹುಡುಗಿಯೂ ಮಸುಕು. ಚಿತ್ರದ ಒಂದು ಮೂಲೆಯಲ್ಲಿ, ನನ್ನ ಮೂಗಿನ ಮುಂದೆಯೇ ಎಂಬಂತೆ ತೂಗುತ್ತಿದ್ದ ಬಳ್ಳಿಯ ಎಲೆಯೊಂದು ಮಾತ್ರ ಅದರ ನರಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು. ಆ ಎಲೆ ಅಲ್ಲಿತ್ತೆಂಬುದೇ ಚಿತ್ರ ತೆಗೆಯುವಾಗ ನನ್ನ ಗಮನಕ್ಕೆ ಬಂದಿರಲಿಲ್ಲ.

ನನ್ನ ಕ್ಯಾಮೆರಾ ಜೋರ್ಕಿ-4, ಎರಡು ಬಿಂಬಗಳನ್ನು ಒಂದಾಗಿಸಿ ದೂರ ಅಳೆಯುವ ರೇಂಜ್‌ಫೈಂಡರ್ ಬಗೆಯದು. ಸೋವಿಯತ್ ಒಕ್ಕೂಟದ ಕ್ರಾಸ್ನೊಗೋರ್ಸ್ಕ್‌ನಲ್ಲಿ 1956ರಿಂದ 1973ರವರೆಗೆ ತಯಾರಾದ ಮಾದರಿ. ನನ್ನದರ ಸರಣಿ ಸಂಖ್ಯೆ 67ರಿಂದ ಆರಂಭವಾಗುವುದರಿಂದ ಅದು 1967ರದ್ದೆಂದು ತಿಳಿಯುತ್ತದೆ. ಆ ಕಾರ್ಖಾನೆಯವರು ಮೊದಲ ಎರಡು ಅಂಕಿಗಳಲ್ಲಿ ತಯಾರಿಕೆಯ ವರ್ಷವನ್ನು ಸೂಚಿಸುತ್ತಿದ್ದರು. ರಷ್ಯನ್ ಭಾಷೆಯಲ್ಲಿ ಜೋರ್ಕಿ ಎಂದರೆ ತೀಕ್ಷ್ಣ ದೃಷ್ಟಿಯುಳ್ಳದ್ದು ಎಂದರ್ಥ. ಹೆಸರಿಗೆ ಹದ್ದಿನ ಕಣ್ಣಾದರೂ ಈಗ ಅದಕ್ಕೆ ವಯಸ್ಸಾಗಿದೆ, ಒಳಗಿನ ಕನ್ನಡಿಯ ಬೆಳ್ಳಿಲೇಪ ಸವೆದು, ಫೋಕಸ್ ಮಾಡುವ ನಡುವಿನ ಚುಕ್ಕೆ ಮಬ್ಬಾಗಿದೆ. ಕಿಟಕಿಯ ಹೊರಗಾಜಿನ ಮೇಲೆ ಬಣ್ಣದ ತೆಳುವಾದ ಪಾರದರ್ಶಕ ಹಾಳೆಯ ತುಂಡೊಂದನ್ನು ಅಂಟಿಸಿ, ಎರಡು ಬಿಂಬಗಳಿಗೆ ಬೇರೆ ಬೇರೆ ಛಾಯೆ ಬರುವಂತೆ ಮಾಡಿಕೊಂಡಿದ್ದೇನೆ. ಇದು ಹಳೆಯ ರೇಂಜ್‌ಫೈಂಡರ್ ಇಟ್ಟುಕೊಂಡವರೆಲ್ಲರಿಗೂ ಗೊತ್ತಿರುವ ಕನ್ನಡಕ.

ಎಲೆಯ ಗುಟ್ಟು ಬಿಡಿಸಬೇಕಾದರೆ ಈ ಕ್ಯಾಮೆರಾ ದೂರವನ್ನು ಅಳೆಯುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೂಗಿನ ಮುಂದೆ ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿದರೆ ಬೆರಳು ಅತ್ತಿಂದಿತ್ತ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ಹೆಚ್ಚು. ರೇಂಜ್‌ಫೈಂಡರಿನ ಎರಡು ಕಿಂಡಿಗಳು ಆ ಎರಡು ಕಣ್ಣುಗಳ ಕೆಲಸ ಮಾಡುತ್ತವೆ. ಒಂದು ಕಿಂಡಿಯ ನೋಟ ನೇರವಾಗಿ ನಮ್ಮ ಕಣ್ಣಿಗೆ ಬಂದರೆ, ಇನ್ನೊಂದರ ನೋಟ ಅರೆಪಾರದರ್ಶಕ ಕನ್ನಡಿಯ ಮೂಲಕ ಅದರ ಮೇಲೆ ಬಂದು ಬೀಳುತ್ತದೆ. ಲೆನ್ಸಿನ ಉಂಗುರ ತಿರುಗಿಸಿದಾಗ ಲೆನ್ಸಿನ ಹಿಂಭಾಗವು ಕ್ಯಾಮೆರಾದೊಳಗಿನ ನಾಲಗೆಯಂಥ ಸಣ್ಣ ಲೋಹದ ತುಂಡನ್ನು ಒತ್ತಿ, ಆ ಎರಡನೆಯ ನೋಟವನ್ನು ಪಕ್ಕಕ್ಕೆ ಸರಿಸುತ್ತದೆ. ಎರಡೂ ಬಿಂಬಗಳು ಒಂದಾದ ಕಡೆ ಫೋಕಸ್ ಆಯಿತೆಂದು ಲೆಕ್ಕ. ನನ್ನ ಕ್ಯಾಮೆರಾದಲ್ಲಿ ಈ ಎರಡು ಕಿಂಡಿಗಳ ನಡುವಿನ ಅಂತರ 38 ಮಿ.ಮೀ. ಮಾತ್ರ.

ಒಂದೇ ಬಗೆಯ ಸರಳುಗಳು ಸಾಲಾಗಿ ನಿಂತಾಗ ತೊಂದರೆ ಶುರುವಾಗುತ್ತದೆ. ಗೇಟು ಸುಮಾರು ಐದು ಮೀಟರ್ ದೂರದಲ್ಲಿತ್ತು, ಸರಳುಗಳು ಪರಸ್ಪರ ನಾಲ್ಕು ಅಂಗುಲ ದೂರದಲ್ಲಿದ್ದವು. ಲೆನ್ಸು ಅದಕ್ಕೂ ಮೊದಲಿನ ಚಿತ್ರಕ್ಕಾಗಿ ಒಂದು ಮೀಟರಿಗೆ ತಿರುಗಿತ್ತು. ನಾನು ಅಲ್ಲಿಂದಲೇ ಉಂಗುರವನ್ನು ತಿರುಗಿಸುತ್ತ ಹೋದೆ. ಮೂರನೆಯ ಸರಳಿನ ಬಿಂಬ ಬಂದು ನಾಲ್ಕನೆಯ ಸರಳಿನ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂತಿತು. ಉಂಗುರ ಆಗ ಸುಮಾರು 1.4 ಮೀಟರಿನಲ್ಲಿತ್ತು. ಕಿಟಕಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ನನಗೂ ಹಾಗೇ ಅನ್ನಿಸಿತು. ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಹೊಳೆದ ಸಂಗತಿಯೇನೆಂದರೆ, ಸರಳುಗಳ ನಡುವಿನ ಅಂತರ ಈ 38 ಮಿ.ಮೀ.ಗಿಂತ ಹೆಚ್ಚಾಗಿರುವಾಗ, ಉಂಗುರವನ್ನು ಅನಂತದಿಂದ, ಅಂದರೆ ಅತಿ ದೂರದ ಗುರುತಿನಿಂದ, ಹತ್ತಿರಕ್ಕೆ ತಿರುಗಿಸುತ್ತ ಬಂದರೆ ಮೊದಲು ಸಿಗುವ ಕೂಡಿಕೆಯೇ ನಿಜವಾದದ್ದು. ಸುಳ್ಳು ಕೂಡಿಕೆಗಳೆಲ್ಲ ಅದರಿಂದ ಈಚೆಗೆ, ಹತ್ತಿರದ ದೂರಗಳಲ್ಲಿ ಕಾದು ಕೂತಿರುತ್ತವೆ. ಅಂದಿನಿಂದ ಪ್ರತಿ ಚಿತ್ರ ತೆಗೆದ ಮೇಲೂ ಲೆನ್ಸನ್ನು ಅನಂತಕ್ಕೆ ತಿರುಗಿಸಿಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಅಡ್ಡ ಗೆರೆಗಳು ಮಾತ್ರ ಇರುವ ಕಡೆ, ಉದಾಹರಣೆಗೆ ಮೆಟ್ಟಿಲುಗಳ ಮುಂದೆ, ಕ್ಯಾಮೆರಾವನ್ನೇ ನಿಲುವಾಗಿ ಹಿಡಿದು ಫೋಕಸ್ ಮಾಡಿ ಮತ್ತೆ ಅಡ್ಡಕ್ಕೆ ತಿರುಗಿಸಿಕೊಳ್ಳುತ್ತೇನೆ. ನೋಡುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಇಷ್ಟಾದರೂ ಆ ಎಲೆ ನನಗೇಕೆ ಕಾಣಲಿಲ್ಲ? ಎಸ್‌ಎಲ್‌ಆರ್ ಎಂಬ, ಒಳಗಿನ ಕನ್ನಡಿಯ ಮೂಲಕ ನೋಡುವ ಬಗೆಯ ಕ್ಯಾಮೆರಾ ಹಿಡಿದವನಿಗೆ ಆ ತಪ್ಪು ಆಗುತ್ತಲೇ ಇರಲಿಲ್ಲ, ಏಕೆಂದರೆ ಅಲ್ಲಿ ಕಣ್ಣಿಗೆ ಬೀಳುವುದು ಲೆನ್ಸಿನೊಳಗಿಂದಲೇ ಬಂದ ಬೆಳಕು. ಗೇಟು ಮಸುಕಾಗಿ ಎಲೆ ಎದ್ದು ಕಾಣುತ್ತಿತ್ತು. ರೇಂಜ್‌ಫೈಂಡರಿನಲ್ಲಿ ನಾವು ನೋಡುವ ಕಿಟಕಿ ಲೆನ್ಸಿನ ಪಕ್ಕದಲ್ಲಿ, ತುಸು ಮೇಲೆ, ತನ್ನ ಪಾಡಿಗೆ ತಾನಿರುವ ಬರಿಯ ಗಾಜು. ಅದರಲ್ಲಿ ಹತ್ತಿರದ್ದೂ ದೂರದ್ದೂ ಯಾವಾಗಲೂ ಒಂದೇ ಸಮನೆ ಸ್ಪಷ್ಟ. ಲೆನ್ಸು ಎಲ್ಲಿಗೆ ಫೋಕಸ್ ಆಗಿದೆ, ಬೆಳಕು ಒಳಬರುವ ಅಪರ್ಚರ್ ಕಿಂಡಿ ಎಷ್ಟು ತೆರೆದಿದೆ, ಲೆನ್ಸಿನ ಮೇಲೆ ಮುಚ್ಚಳವೇ ಇದೆಯೇ ಎಂಬ ಯಾವ ಸುದ್ದಿಯೂ ಆ ಕಿಟಕಿಗೆ ತಲುಪುವುದಿಲ್ಲ. ಈ ಕ್ಯಾಮೆರಾ ಕೊಡುವ ಸುಖವೂ ಕಾಟವೂ ಹುಟ್ಟುವುದು ಈ ಒಂದೇ ಸಂಗತಿಯಿಂದ ಎಂದು ಏಳೆಂಟು ವರ್ಷಗಳ ಒಡನಾಟದ ನಂತರ ನನಗೆ ಅನ್ನಿಸಿದೆ.

ಸುಖದ ಮಾತು ಮೊದಲು. ಜೋರ್ಕಿಯ ಕಿಟಕಿಯಲ್ಲಿ ಎದುರಿನ ದೃಶ್ಯ ಹೆಚ್ಚುಕಡಿಮೆ ಅದರ ನಿಜವಾದ ಗಾತ್ರದಲ್ಲೇ ಕಾಣುವುದರಿಂದ, ಇನ್ನೊಂದು ಕಣ್ಣನ್ನು ಮುಚ್ಚಬೇಕಾದ ಅಗತ್ಯವೇ ಬೀಳುವುದಿಲ್ಲ. ಎರಡೂ ಕಣ್ಣು ತೆರೆದು ನಿಂತರೆ ಚೌಕಟ್ಟಿನ ಒಳಗೇನಿದೆ ಎಂಬುದರ ಜೊತೆಗೆ, ಅದರೊಳಕ್ಕೆ ಯಾರು ನಡೆದು ಬರುತ್ತಿದ್ದಾರೆ ಎಂಬುದೂ ತಿಳಿಯುತ್ತದೆ; ಸೈಕಲ್ ಸವಾರನೊಬ್ಬ ಅಂಚಿಗೆ ಬರುವ ಮೊದಲೇ ಬೆರಳು ಬಟನ್ನಿನ ಮೇಲೆ ಸಿದ್ಧವಾಗಿರುತ್ತದೆ. ಎಸ್‌ಎಲ್‌ಆರ್‌ನಲ್ಲಿ ಶಟರ್ ತೆರೆಯುವ ಕ್ಷಣಕ್ಕೆ ಸರಿಯಾಗಿ ಕನ್ನಡಿ ಮೇಲೆದ್ದು ಕಣ್ಣಿಗೆ ಕತ್ತಲಾಗುತ್ತದೆ, ಅಂದರೆ ಫಿಲ್ಮಿಗೆ ಬಿದ್ದ ಆ ಒಂದು ಕ್ಷಣವನ್ನು ಬಿಟ್ಟು ಉಳಿದೆಲ್ಲವನ್ನೂ ತೆಗೆದವನು ನೋಡಿರುತ್ತಾನೆ. ಇಲ್ಲಿ ಕನ್ನಡಿ ಇಲ್ಲವಾದ್ದರಿಂದ ಆ ಕ್ಷಣವೂ ನಮ್ಮದೇ. ಎದುರಿಗಿದ್ದವರು ರೆಪ್ಪೆ ಬಡಿದರೆ ಆಗಲೇ ಗೊತ್ತಾಗಿ, ಇನ್ನೊಂದು ಚಿತ್ರ ತೆಗೆಯಲು ಅವಕಾಶವಿರುತ್ತದೆ. ಕನ್ನಡಿಯ ಹೊಡೆತವಿಲ್ಲದ್ದರಿಂದ ಕೈ ನಡುಗುವುದೂ ಕಡಿಮೆ. ಬಾಗಿಲಿಗೆ ಒರಗಿ ನಿಂತು, ಉಸಿರು ಬಿಗಿಹಿಡಿದು, ಕತ್ತಲೆ ಕೋಣೆಗಳಲ್ಲಿ 1/30 ಸೆಕೆಂಡಿನಲ್ಲಿ ತೆಗೆದ ನನ್ನ ಎಷ್ಟೋ ಚಿತ್ರಗಳು ಸ್ಪಷ್ಟವಾಗಿಯೇ ಬಂದಿವೆ.

ಲೈಕಾ ಎಂ3 ಹಿಡಿದು ನೋಡುವ ಅವಕಾಶ ನನಗೆ ಒಮ್ಮೆ ಸಿಕ್ಕಿತ್ತು. 1954ರ ಆ ಕ್ಯಾಮೆರಾದ ಕಿಟಕಿಯಲ್ಲಿ ಚೌಕಟ್ಟಿನ ಗೆರೆಗಳು ಬೆಳಗಿದಂತೆ ತೇಲುತ್ತಿರುತ್ತವೆ, ಹತ್ತಿರಕ್ಕೆ ಫೋಕಸ್ ಮಾಡಿದಷ್ಟೂ ತಾವಾಗಿಯೇ ಸರಿದು ಲೆನ್ಸಿನ ನೋಟಕ್ಕೆ ಹೊಂದಿಕೊಳ್ಳುತ್ತವೆ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಓಸ್ಕರ್ ಬರ್ನಾಕ್ ಅವರ ಮೊದಲ ಲೈಕಾ ಮಾರುಕಟ್ಟೆಗೆ ಬಂದಾಗ ಅದರಲ್ಲಿ ರೇಂಜ್‌ಫೈಂಡರೇ ಇರಲಿಲ್ಲ, ದೂರವನ್ನು ಕಣ್ಣಂದಾಜಿನಲ್ಲಿ ಊಹಿಸಬೇಕಿತ್ತು ಇಲ್ಲವೇ ಅಳೆಯುವ ಸಾಧನವನ್ನು ಮೇಲೆ ಸಿಕ್ಕಿಸಿಕೊಳ್ಳಬೇಕಿತ್ತು. 1932ರ ಲೈಕಾ 2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳು ಅದನ್ನು ಲೆನ್ಸಿಗೆ ಜೋಡಿಸಿದವು; 1936ರ ಕಾಂಟ್ಯಾಕ್ಸ್ 2 ನೋಡುವ ಕಿಟಕಿಯನ್ನೂ ಅಳೆಯುವ ಕಿಟಕಿಯನ್ನೂ ಒಂದಾಗಿಸಿತು. ಮೊದಲ ಜೋರ್ಕಿ 1948ರಲ್ಲಿ ಲೈಕಾ 2ರ ಪಡಿಯಚ್ಚಾಗಿ ಬಂದದ್ದು. ನನ್ನ ಜೋರ್ಕಿ-4ರಲ್ಲಿ ಒಂದೇ ಕಿಟಕಿ ಇದೆ, ಆದರೆ ಚೌಕಟ್ಟಿನ ಗೆರೆಗಳಿಲ್ಲ. ಒಂದು ಮೀಟರ್ ದೂರದಿಂದ ಮುಖ ತೆಗೆಯುವಾಗ ಕಿಟಕಿಯಲ್ಲಿ ಕಂಡ ನೆತ್ತಿ ನೆಗೆಟಿವ್‌ನಲ್ಲಿ ಮಾಯವಾಗಿರುತ್ತದೆ. ಲೆನ್ಸು ಕಿಟಕಿಗಿಂತ ಕೆಳಗಿದೆಯೆಂಬುದನ್ನು ಕ್ಯಾಮೆರಾ ಮರೆತರೂ ನಾನು ನೆನಪಿಟ್ಟುಕೊಂಡು, ತಲೆಯ ಮೇಲೆ ನಾಲ್ಕು ಬೆರಳು ಜಾಗ ಹೆಚ್ಚಿಗೆ ಬಿಡಬೇಕು.

ಲೆನ್ಸು ಜುಪಿಟರ್-8, 50 ಮಿ.ಮೀ., ಎಫ್/2 (ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು). ಲುಡ್ವಿಗ್ ಬರ್ಟೆಲೆ ಅವರು ಕಾಂಟ್ಯಾಕ್ಸ್‌ಗಾಗಿ ರೂಪಿಸಿದ ಸೊನಾರ್ ಲೆನ್ಸಿನ ವಂಶದ್ದು. ಪೂರ್ತಿ ತೆರೆದು ಒಂದು ಮೀಟರಿನಲ್ಲಿ ಚಿತ್ರ ತೆಗೆದರೆ ಫೋಕಸ್‌ನಲ್ಲಿ ಉಳಿಯುವುದು ಐದು ಸೆಂಟಿಮೀಟರಿಗಿಂತ ಕಡಿಮೆ ಆಳ. ಕಣ್ಣು ಸ್ಪಷ್ಟವಿದ್ದರೆ ಕಿವಿ ಕರಗಿರುತ್ತದೆ, ಎದುರಿಗಿದ್ದವರು ಸ್ವಲ್ಪ ಮುಂದಕ್ಕೆ ವಾಲಿದರೆ ಕಿವಿ ಸ್ಪಷ್ಟವಾಗಿ ಕಣ್ಣು ಕರಗುತ್ತದೆ. ಬಿಸಿಲಿನಲ್ಲಿ ಮಾತ್ರ ಈ ಯಾವ ಸರ್ಕಸ್ಸೂ ಬೇಡ. ಎಫ್/11ರಲ್ಲಿಟ್ಟು ಉಂಗುರವನ್ನು ಐದು ಮೀಟರಿಗೆ ತಿರುಗಿಸಿದರೆ ಸುಮಾರು ಮೂರು ಮೀಟರಿನಿಂದ ಹದಿನಾಲ್ಕು ಮೀಟರಿನವರೆಗಿನದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರುವುದರಿಂದ, ರೇಂಜ್‌ಫೈಂಡರಿನ ರೇಂಜ್‌ಫೈಂಡರನ್ನೇ ಮರೆತು ಬರಿಯ ಕಿಟಕಿಯಾಗಿ ಬಳಸಬಹುದು. ಕ್ಯಾಮೆರಾದಲ್ಲಿ ಬೆಳಕಿನ ಮೀಟರ್ ಇಲ್ಲ. ಸುಡುಬಿಸಿಲಿಗೆ ಎಫ್/16, ಫಿಲ್ಮಿನ ವೇಗ ಎಷ್ಟೋ ಅಷ್ಟರಲ್ಲೊಂದು ಭಾಗ ಸೆಕೆಂಡು ಎಂಬ ಹಳೆಯ ಸೂತ್ರ ಹಿಡಿದು, 400ರ ಫಿಲ್ಮಿಗೆ 1/500 ಎಂದಿಟ್ಟುಕೊಂಡು, ನೆರಳಿಗೆ ಹೋದಂತೆ ಒಂದೊಂದೇ ಮೆಟ್ಟಿಲು ತೆರೆಯುತ್ತ ಹೋಗುತ್ತೇನೆ. ಅನುಮಾನ ಬಂದರೆ ಬೆಳಕು ತುಸು ಹೆಚ್ಚೇ ಇರಲಿ ಎನ್ನುತ್ತೇನೆ, ನೆಗೆಟಿವ್ ಫಿಲ್ಮು ಹೆಚ್ಚಿನ ಬೆಳಕನ್ನು ಸಹಿಸಿಕೊಳ್ಳುವಷ್ಟು ಕೊರತೆಯನ್ನು ಸಹಿಸಿಕೊಳ್ಳುವುದಿಲ್ಲ.

ಇನ್ನು ಮುಚ್ಚಳದ ಕಥೆ. ಮುಚ್ಚಳ ತೆಗೆಯದೆ ಚಿತ್ರ ತೆಗೆಯುವ ತಪ್ಪನ್ನು ರೇಂಜ್‌ಫೈಂಡರ್ ಹಿಡಿದವರೆಲ್ಲರೂ ಮಾಡಿರುತ್ತಾರಾದ್ದರಿಂದ ಅದನ್ನು ವಿವರಿಸುವುದಿಲ್ಲ. ನನ್ನ ಹೆಚ್ಚುಗಾರಿಕೆಯೇನೆಂದರೆ, ಹಾಗೆ ಅರ್ಧ ರೀಲು ಹಾಳಾದ ಮೇಲೆ ಸಿಟ್ಟಿನಲ್ಲಿ ಮುಚ್ಚಳವನ್ನೇ ಪೆಟ್ಟಿಗೆಗೆ ಹಾಕಿ, ಲೆನ್ಸು ತೆರೆದ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಬಿಸಿಲಿನಲ್ಲಿ ಸುತ್ತಿದ್ದು. ಇಲ್ಲಿ ಲೆನ್ಸಿಗೂ ಶಟರಿನ ಬಟ್ಟೆಪರದೆಗೂ ನಡುವೆ ಕನ್ನಡಿಯಿಲ್ಲ. ಸೂರ್ಯ ಲೆನ್ಸಿನೊಳಕ್ಕೆ ನೇರವಾಗಿ ಇಣುಕಿದರೆ ಅದು ಭೂತಗನ್ನಡಿಯಂತೆ ಪರದೆಯನ್ನು ಸುಡುತ್ತದೆ. ಮುಂದಿನ ರೀಲಿನ ಪ್ರಿಂಟುಗಳಲ್ಲಿ ಒಂದೇ ಜಾಗದಲ್ಲಿ ಬಿಳಿಯ ಚುಕ್ಕೆಯೊಂದು ಮತ್ತೆ ಮತ್ತೆ ಕಾಣಿಸಿಕೊಂಡಿತು. ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಅದು ಸೂಜಿಮೊನೆಯಷ್ಟಿದ್ದರೆ, ರೀಲು ಮುಂದಕ್ಕೆ ಸುತ್ತಿಕೊಂಡು ಬಹಳ ಹೊತ್ತು ಬಿಸಿಲಿನಲ್ಲಿ ಕಾದು ತೆಗೆದ ಚಿತ್ರದಲ್ಲಿ ಸಾಸಿವೆ ಕಾಳಿನಷ್ಟು. ಲೆನ್ಸು ಬಿಚ್ಚಿ, ಹಿಂಬದಿಯ ಮುಚ್ಚಳ ತೆಗೆದು, ಕತ್ತಲಲ್ಲಿ ಹಿಂದಿನಿಂದ ಟಾರ್ಚು ಹಾಕಿ ನೋಡಿದರೆ ಪರದೆಯಲ್ಲಿ ಒಂಟಿ ನಕ್ಷತ್ರದಂತೆ ರಂಧ್ರ ಮಿನುಗುತ್ತಿತ್ತು. ಒಣಗಿದ ಮೇಲೂ ರಬ್ಬರಿನಂತೆ ಬಾಗುವ ಕಪ್ಪು ಬಣ್ಣವನ್ನು ಕಡ್ಡಿಯ ತುದಿಯಿಂದ ತಾಗಿಸಿ ಮುಚ್ಚಿದೆ. ಈಗ ನಡೆಯುವಾಗ ಅಪರ್ಚರನ್ನು ಎಫ್/22ಕ್ಕೆ ಇಳಿಸಿ, ಕ್ಯಾಮೆರಾವನ್ನು ಮೈಕಡೆಗೆ ಮಗುಚಿ ಇಟ್ಟುಕೊಳ್ಳುತ್ತೇನೆ. ಮುಚ್ಚಳ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಕೆಲವು ಕಟ್ಟಳೆಗಳು ಈ ಮಾದರಿಯದ್ದೇ. ಶಟರ್ ವೇಗವನ್ನು ಬದಲಿಸುವ ಮೊದಲು ರೀಲನ್ನು ಮುಂದಕ್ಕೆ ಸುತ್ತಿಕೊಂಡಿರಬೇಕು, ಇಲ್ಲವಾದರೆ ಒಳಗಿನ ಯಂತ್ರಕ್ಕೆ ಪೆಟ್ಟಾಗಬಹುದು. ಹಾಗೆ ಸುತ್ತುವಾಗ ಇನ್ನೊಂದು ತುದಿಯ ಗುಂಡಿ ಹಿಂದಕ್ಕೆ ತಿರುಗುತ್ತಿದೆಯೇ ಎಂದು ಕಣ್ಣಿಡಬೇಕು. ತಿರುಗದಿದ್ದರೆ ಫಿಲ್ಮು ಸುರುಳಿಗೆ ಸಿಕ್ಕಿಕೊಂಡಿಲ್ಲ, ದಿನವಿಡೀ ತೆಗೆದದ್ದು ಗಾಳಿಗೆ ತೆಗೆದಂತೆ. ಅಪರ್ಚರಿನ ಉಂಗುರ ಕ್ಲಿಕ್ ಎನ್ನದೆ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಬೆರಳು ತಾಗಿ ಎಫ್/8 ಇದ್ದದ್ದು ಎಫ್/4 ಆಗಿರುತ್ತದೆ, ಕಿಟಕಿ ಅದನ್ನೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಉಂಗುರವನ್ನು ಅನಂತಕ್ಕೆ ತಿರುಗಿಸಿ ಹುಣ್ಣಿಮೆಯ ಚಂದ್ರನನ್ನು ನೋಡುತ್ತೇನೆ. ಒಂದೇ ಚಂದ್ರ ಕಂಡರೆ ನೆಮ್ಮದಿ, ಎರಡು ಕಂಡರೆ ಸಣ್ಣ ಸ್ಕ್ರೂಡ್ರೈವರ್ ಹುಡುಕಬೇಕು.

ರೇಂಜ್‌ಫೈಂಡರ್ ಹಿಡಿದರೆ ಚಿತ್ರಗಳು ತಾವಾಗಿಯೇ ಉತ್ತಮಗೊಳ್ಳುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೂರದ ಹಕ್ಕಿಗೂ ಹೂವಿನ ಕೇಸರಕ್ಕೂ ಇದು ತೀರಾ ಕೆಲಸಕ್ಕೆ ಬಾರದ ಸಾಧನ. ಉದ್ದ ಲೆನ್ಸುಗಳಿಗೆ ಬೇಕಾದಷ್ಟು ನಿಖರವಾಗಿ ದೂರ ಅಳೆಯಲು 38 ಮಿ.ಮೀ. ಸಾಲದು, ಒಂದು ಮೀಟರಿಗಿಂತ ಹತ್ತಿರ ನನ್ನ ಲೆನ್ಸು ಹೋಗುವುದೇ ಇಲ್ಲ. ಅಂಥ ಕೆಲಸಕ್ಕೆ ನನ್ನಲ್ಲೊಂದು ಎಸ್‌ಎಲ್‌ಆರ್ ಇದೆ, ಅದನ್ನು ಮಾರುವ ಯೋಚನೆಯೂ ಇಲ್ಲ. ಜೋರ್ಕಿ ಕೈಯಲ್ಲಿದ್ದಾಗ ನಾನು ಎದುರಿಗಿರುವುದನ್ನು ಸುಮ್ಮನೆ ನೋಡುತ್ತಿರುತ್ತೇನೆ, ಚಿತ್ರ ಹೇಗೆ ಬರುತ್ತದೆಂಬುದನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತೇನೆ. ಕಟ್ಟಿಕೊಂಡದ್ದಕ್ಕೂ ಬಂದದ್ದಕ್ಕೂ ತಾಳೆಯಾದ ದಿನ ಆಗುವ ಖುಷಿ ನನಗೆ ಬೇರೆ ಯಾವ ಕ್ಯಾಮೆರಾದಿಂದಲೂ ಸಿಕ್ಕಿಲ್ಲ.

ಹೋದ ಭಾನುವಾರ ಅದೇ ಗೇಟಿನ ಮುಂದೆ, ಅದೇ ಜಾಗದಲ್ಲಿ ಮತ್ತೆ ನಿಂತೆ. ಬಳ್ಳಿಯನ್ನು ಪಕ್ಕಕ್ಕೆ ಸರಿಸಿ ಕಟ್ಟಿ, ಉಂಗುರವನ್ನು ಅನಂತದಿಂದ ನಿಧಾನವಾಗಿ ಈಚೆಗೆ ತಂದು, ಮೊದಲ ಕೂಡಿಕೆಯಲ್ಲೇ ನಿಲ್ಲಿಸಿದೆ. ಉಂಗುರದ ಮೇಲಿನ ಅಂಕಿಯನ್ನೂ ಓದಿದೆ, ಐದಕ್ಕೆ ಸ್ವಲ್ಪ ಕಡಿಮೆ ಇತ್ತು. ಬಟನ್ ಒತ್ತಿದ ಕೂಡಲೇ ಹುಡುಗಿ ಸರಳುಗಳ ನಡುವಿನಿಂದ ಮೂಗು ತೂರಿಸಿ, “ಮಾಮ, ಈ ಸಲ ನಾನು ಬಂದಿದೀನಾ, ಇಲ್ಲ ಮತ್ತೆ ಎಲೇನೇ ಬಂದಿದೆಯಾ?” ಎಂದು ಕೇಳಿದಳು. ರೀಲಿನಲ್ಲಿ ಇನ್ನೂ ಹದಿಮೂರು ಚಿತ್ರಗಳು ಬಾಕಿ ಇವೆ ಎಂದು ಹೇಳಿದೆ.